ಮುಳ್ಳೂರಿಗೆ ಎಂಥ ರೋಬಾಟ್ ಕಿಟ್ ಬೇಕು?

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ಬಯಲಿನ ಊರು. ಅಲ್ಲಿ ರೋಬಾಟ್ ಇದೆಯೇ ಎಂದು ಕೇಳಿದರೆ ಹೊಲದಲ್ಲಿದ್ದವರು ನಕ್ಕಾರು. ಆದರೆ ಈ ಸೀಮೆಯ ಪಂಪ್‌ಮನೆಗಳಲ್ಲಿ ಒಮ್ಮೆ ಇಣುಕಿ ನೋಡಿ. ಸ್ಟಾರ್ಟರ್ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಪೆಟ್ಟಿಗೆ ಇರುವುದು ಈಗ ಅಪರೂಪವೇನಲ್ಲ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಅದಕ್ಕೆ ಎಚ್ಚರ. ಮೂರೂ ಫೇಸ್ ಸರಿಯಾಗಿ ಬಂದಿವೆಯೇ, ವೋಲ್ಟೇಜ್ ಸಾಲುತ್ತದೆಯೇ ಎಂದು ನೋಡಿಕೊಂಡು, ಒಂದಿಷ್ಟು ಹೊತ್ತು ಕಾದು, ಮೋಟರನ್ನು ತಾನೇ ಚಾಲೂ ಮಾಡುತ್ತದೆ. ಬೋರ್‌ವೆಲ್ ಕೈಕೊಟ್ಟು ಮೋಟರ್ ಒಣಗಿ ಓಡತೊಡಗಿದರೆ ನಿಲ್ಲಿಸುವ ಮಾದರಿಗಳೂ ಇವೆ. ಸಿಮ್ ಹಾಕಿದ ಪೆಟ್ಟಿಗೆಯಾದರೆ ಮನೆಯಲ್ಲಿ ಕೂತೇ ಮೊಬೈಲ್ ಒತ್ತಿ ನೀರು ಬಿಡಬಹುದು. ಪುಣೆಯ ಸಂತೋಷ್ ಓಸ್ತ್ವಾಲ್ ಅವರ 'ನ್ಯಾನೋ ಗಣೇಶ್' ಈ ಜಾತಿಯ ಸಾಧನಗಳಲ್ಲಿ ಹೆಸರುವಾಸಿ. ಹಾವು ಚೇಳಿನ ಭಯದಲ್ಲಿ, ಹನೂರು ಕಡೆಯಾದರೆ ಆನೆಯ ಭಯದಲ್ಲಿ, ಟಾರ್ಚ್ ಹಿಡಿದು ಹೊಲಕ್ಕೆ ಓಡುವುದು ಇದರಿಂದ ಎಷ್ಟೋ ಮನೆಗಳಿಗೆ ತಪ್ಪಿದೆ.

ಸುತ್ತಲ ಸ್ಥಿತಿಯನ್ನು ಅಳೆಯುವುದು, ಅಳತೆ ನೋಡಿ ತೀರ್ಮಾನಿಸುವುದು, ತೀರ್ಮಾನದ ಪ್ರಕಾರ ಏನನ್ನಾದರೂ ಚಲಿಸುವಂತೆ ಮಾಡುವುದು. ರೋಬಾಟ್‌ನ ಲಕ್ಷಣ ಇಷ್ಟೇ. ಮುಖ, ಕೈಕಾಲು, ಮಾತು ಎಲ್ಲ ಮೇಲಿನ ಅಲಂಕಾರ. ಆ ಲೆಕ್ಕದಲ್ಲಿ ಪಂಪ್‌ಮನೆಯ ಆ ಪೆಟ್ಟಿಗೆ, ಅಂದರೆ ಆಟೋ ಸ್ಟಾರ್ಟರ್ ಕೂಡ ರೋಬಾಟ್ ಜಾತಿಯದೇ, ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೆ.

ಈಗ ಪೇಟೆಗೆ ಬಂದಿರುವುದು ಬೇರೆ ಬಗೆಯ ಪೆಟ್ಟಿಗೆ, ರೋಬಾಟ್ ಕಿಟ್. ನಿಮ್ಮ ಮಗುವೇ ರೋಬಾಟ್ ಕಟ್ಟಲಿ ಎಂದು ಆಸೆ ಹುಟ್ಟಿಸುವ ಬಣ್ಣದ ಮುಚ್ಚಳ, ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೆ ಬೆಲೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಹನೂರಿಗೂ ಬರುತ್ತದೆ, ಯಳಂದೂರಿಗೂ ಬರುತ್ತದೆ. ಕೊಡಿಸಬೇಕೇ ಬೇಡವೇ ಎಂಬುದು ತಂದೆತಾಯಿಯ ಪ್ರಶ್ನೆ. ಶಾಲೆಗೆ ತರಿಸಬೇಕೇ ಎಂಬುದು ಹೆಡ್‌ಮಾಸ್ಟರ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ತಾಲ್ಲೂಕುಗಳಿಗೆ ದುಬಾರಿಯ, ಬಿಚ್ಚಲಾಗದ ಕಿಟ್ ಬೇಡ. ಬಿಡಿಭಾಗ, ಕನ್ನಡದ ಕೈಪಿಡಿ, ಕೆಟ್ಟರೆ ಸರಿಮಾಡಿಕೊಡುವ ಒಬ್ಬ ಮನುಷ್ಯ ಸಿಕ್ಕಿದರೆ ಸಾಕು. ಹೀಗೇಕೆ ಅನ್ನಿಸಿತು ಎಂಬುದಕ್ಕೆ ಈ ಕ್ಷೇತ್ರವನ್ನು ಒಂದು ಸುತ್ತು ಹಾಕಬೇಕು.

ಮನೆಬಳಕೆಯ ರೋಬಾಟ್‌ಗಳ ಮಾತನ್ನು ಬೇಗ ಮುಗಿಸೋಣ. ಅಮೆರಿಕದ ಐರೋಬಾಟ್ ಕಂಪನಿ 2002ರಲ್ಲಿ 'ರೂಂಬಾ' ಎಂಬ ತಟ್ಟೆಯಾಕಾರದ ಕಸ ಹೀರುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹಾದಿಯಲ್ಲೇ ಬಂದ ಯಂತ್ರಗಳು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಿವೆ. ಇವು ಹತ್ತಬಲ್ಲ ಎತ್ತರ ಸಾಮಾನ್ಯವಾಗಿ ಎರಡು ಸೆಂಟಿಮೀಟರಿನ ಆಸುಪಾಸು. ನಮ್ಮ ಕಡೆಯ ಹೊಸ್ತಿಲು ಅದರ ಎರಡು ಮೂರು ಪಟ್ಟು. ಹಜಾರದಲ್ಲಿ ಚಾಪೆ, ಚಾಪೆಯ ಮೇಲೆ ಸೊಪ್ಪು ಸೋಸುವ ಅಜ್ಜಿ, ರೇಷ್ಮೆ ಹುಳು ಸಾಕುವ ಮನೆಯಾದರೆ ಅರ್ಧ ಹಜಾರ ತಟ್ಟೆಗಳಿಗೇ ಮೀಸಲು. ಅಂಥ ನೆಲದ ಮೇಲೆ ಈ ಯಂತ್ರಕ್ಕೆ ಕೆಲಸವೂ ಇಲ್ಲ, ಜಾಗವೂ ಇಲ್ಲ. ಈ ಕಸುಬನ್ನು ಹುಟ್ಟುಹಾಕಿದ ಕಂಪನಿಯ ಗತಿಯನ್ನೇ ನೋಡಿ: ಸುಮಾರು 170 ಕೋಟಿ ಡಾಲರಿಗೆ ಕೊಳ್ಳುತ್ತೇನೆಂದು 2022ರಲ್ಲಿ ಮುಂದೆ ಬಂದಿದ್ದ ಅಮೆಜಾನ್ 2024ರ ಜನವರಿಯಲ್ಲಿ ಹಿಂದೆ ಸರಿಯಿತು. 2025ರ ಡಿಸೆಂಬರಿನಲ್ಲಿ ಐರೋಬಾಟ್ ದಿವಾಳಿ ಅರ್ಜಿ ಹಾಕಿತು.

ಮಾತಾಡುವ ಗೊಂಬೆ ರೋಬಾಟ್‌ಗಳ ಹಣೆಬರಹ ಇನ್ನೂ ಕೆಟ್ಟದ್ದು. 'ಕಾಜ್ಮೊ', 'ವೆಕ್ಟರ್' ಎಂಬ ಮುದ್ದು ಯಂತ್ರಗಳನ್ನು ಮಾಡಿದ ಆಂಕಿ ಕಂಪನಿ 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. 'ಜಿಬೊ' ಎಂಬುದು ತನ್ನ ಸರ್ವರ್‌ಗಳು ನಿಲ್ಲಲಿವೆ ಎಂದು ತಾನೇ ಮನೆಯವರಿಗೆ ವಿದಾಯ ಹೇಳಿತು. ಮಕ್ಕಳಿಗೆಂದೇ ಮಾಡಿದ್ದ 'ಮಾಕ್ಸಿ'ಯ ಕಂಪನಿ 2024ರ ಕೊನೆಗೆ ಮುಚ್ಚುತ್ತೇನೆಂದಾಗ, ಗೆಳೆಯ ಸಾಯುತ್ತಿದ್ದಾನೆಂದು ಮಕ್ಕಳಿಗೆ ಹೇಗೆ ತಿಳಿಸುವುದು ಎಂಬ ಸಂಕಟ ತಂದೆತಾಯಿಯರಿಗೆ ಬಂತು. ಮೆದುಳು ದೂರದ ಸರ್ವರ್‌ನಲ್ಲಿರುವ ಯಂತ್ರವನ್ನು ದುಡ್ಡು ಕೊಟ್ಟು ತಂದರೂ ಅದು ಪೂರ್ತಿ ನಮ್ಮದಾಗುವುದಿಲ್ಲ. ಜಪಾನಿನಲ್ಲಿ ಸೋನಿಯ 'ಐಬೊ' ನಾಯಿ 1999ರಲ್ಲಿ ಬಂದು 2006ರಲ್ಲಿ ನಿಂತಿತು. ದುರಸ್ತಿಯೂ ನಿಂತ ಮೇಲೆ ಚೀಬಾ ಪ್ರಾಂತ್ಯದ ಕೊಫುಕುಜಿ ದೇವಾಲಯದಲ್ಲಿ ಆ ಯಂತ್ರನಾಯಿಗಳಿಗೆ ಸಾಮೂಹಿಕ ಉತ್ತರಕ್ರಿಯೆ ನಡೆಯಿತು. ಕೆಟ್ಟುಹೋದ ನಾಯಿಗಳಿಂದ ಬಿಡಿಭಾಗ ತೆಗೆದು ಬೇರೆ ನಾಯಿಗಳಿಗೆ ಹಾಕುವ ಮುನ್ನ ನಡೆಸಿದ ಪೂಜೆ ಅದು. ಭಾವುಕತೆ ಒಂದು ಕಡೆಗಿರಲಿ, ಹಳೆಯದನ್ನು ಬಿಚ್ಚಿ ಹೊಸದಕ್ಕೆ ಜೀವ ಕೊಡಬಲ್ಲ ಮೆಕ್ಯಾನಿಕ್‌ಗಳು ಅಲ್ಲಿದ್ದರು ಎಂಬುದು ನನಗೆ ಮುಖ್ಯವಾಗಿ ಕಂಡಿತು. ನಮ್ಮಲ್ಲೂ ಬೆಂಗಳೂರಿನ ಇನ್‌ವೆಂಟೊ ಕಂಪನಿಯ 'ಮಿತ್ರ' 2017ರಲ್ಲಿ ಹೈದರಾಬಾದಿನ ಶೃಂಗಸಭೆಯಲ್ಲಿ ಪ್ರಧಾನಿಯನ್ನೂ ಇವಾಂಕಾ ಟ್ರಂಪ್ ಅವರನ್ನೂ ಸ್ವಾಗತಿಸಿ ಸುದ್ದಿಯಾಯಿತು. ಸ್ವಾಗತಿಸುವುದಕ್ಕೆ ಮುಳ್ಳೂರಿನಲ್ಲಿ ಮನುಷ್ಯರ ಕೊರತೆಯಿಲ್ಲ.

ಕಿಟ್‌ಗಳ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳು ವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರಾಮೆಗಳನ್ನು ಕಟ್ಟಿದ. ಒಂದೊಂದರಲ್ಲೂ ಎರಡೇ ರೇಡಿಯೋ ವಾಲ್ವು, ಬೆಳಕು ಕಾಣುವ ಒಂದು ಕಣ್ಣು, ಡಿಕ್ಕಿಯಾದರೆ ಗೊತ್ತಾಗುವ ಒಂದು ಸ್ವಿಚ್ಚು. ಅಷ್ಟರಲ್ಲೇ ಅವು ಬೆಳಕನ್ನು ಹುಡುಕಿಕೊಂಡು, ಅಡ್ಡ ಬಂದದ್ದನ್ನು ಬಳಸಿಕೊಂಡು ಕೋಣೆ ತುಂಬ ಓಡಾಡುತ್ತಿದ್ದವು. ಇವತ್ತು ಕಿಟ್ ತಂದ ಮಗು ಮೊದಲ ವಾರದಲ್ಲಿ ಕಟ್ಟುವ ಬೆಳಕು ಹಿಂಬಾಲಿಸುವ ಗಾಡಿ ಅದರ ನೇರ ಸಂತಾನ.

ಆಮೆ ಮುಂದೆ ಶಾಲೆಗೆ ಬಂತು. ಅಮೆರಿಕದಲ್ಲಿ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ 'ಲೋಗೊ' ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದು ಮಗು ಹೇಳಿದರೆ ನೆಲದ ಮೇಲಿನ ಯಂತ್ರಾಮೆ ಹಾಗೇ ನಡೆದು ಚಿತ್ರ ಬರೆಯುತ್ತಿತ್ತು. ಕಂಪ್ಯೂಟರ್ ಮಗುವಿಗೆ ಪಾಠ ಹೇಳುವುದರ ಬದಲು ಮಗುವೇ ಕಂಪ್ಯೂಟರಿಗೆ ಪಾಠ ಹೇಳಲಿ ಎಂಬುದು ಪೇಪರ್ಟ್ ಅವರ ಹಟ. ಕನ್ನಡಿಗರು ಇಲ್ಲಿ ನೆನೆಯಬೇಕಾದ ಒಂದು ಕೆಲಸವಿದೆ. ಯು. ಬಿ. ಪವನಜ ಅವರು ಈ ಶತಮಾನದ ಮೊದಲ ದಶಕದಲ್ಲೇ ಲೋಗೊವನ್ನು ಕನ್ನಡಕ್ಕೆ ತಂದರು. ಆದೇಶಗಳನ್ನೇ ಕನ್ನಡದಲ್ಲಿ ಬರೆಯುವ ಆ ತಂತ್ರಾಂಶಕ್ಕೆ ಮಂಥನ್ ಪ್ರಶಸ್ತಿಯೂ ಬಂತು. ಅಂದರೆ ಕನ್ನಡ ಮಾಧ್ಯಮದ ಮಗು ತನ್ನ ಭಾಷೆಯಲ್ಲೇ ಯಂತ್ರಕ್ಕೆ ಆಜ್ಞೆ ಕೊಡಬಹುದು ಎಂಬುದು ಎಂದೋ ಸಾಬೀತಾಗಿತ್ತು. ಅದನ್ನು ಶಾಲೆ ಶಾಲೆಗೆ ಮುಟ್ಟಿಸುವ ಕೆಲಸವನ್ನು ನಾವು ಮಾಡಲಿಲ್ಲ.

ಪೇಪರ್ಟ್ 1980ರಲ್ಲಿ ಬರೆದ ಪುಸ್ತಕದ ಹೆಸರನ್ನೇ ಇಟ್ಟುಕೊಂಡು ಡೆನ್ಮಾರ್ಕಿನ ಲೆಗೊ ಕಂಪನಿ 1998ರಲ್ಲಿ 'ಮೈಂಡ್‌ಸ್ಟಾರ್ಮ್ಸ್' ಎಂಬ ರೋಬಾಟ್ ಕಿಟ್ ಹೊರತಂದಿತು. ಇಟ್ಟಿಗೆಯಂತೆ ಜೋಡಿಸಿ, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು, ಓಡಿಸಿ ನೋಡುವ ಆಟ. ಲೋಕದಾದ್ಯಂತ ಒಂದು ತಲೆಮಾರಿನ ಮಕ್ಕಳು ಅದರಿಂದ ಕಲಿತರು, ಸ್ಪರ್ಧೆಗಳು ಹುಟ್ಟಿದವು. ಕಿಟ್ ಚೆನ್ನಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಕೊನೆಗೆ ಕಂಪನಿ ಅದನ್ನು ನಿಲ್ಲಿಸಿತು. ಈಗ ಯಾವುದಾದರೂ ಶಾಲೆಯಲ್ಲಿ ಅದರ ಮೋಟರ್ ಸುಟ್ಟರೆ ಅಂಥದೇ ಇನ್ನೊಂದು ಮೋಟರಿಗೆ ಹಳೆಯ ಸಾಮಾನಿನ ಪೇಟೆಯೇ ಗತಿ.

ಇನ್ನೊಂದು ದಾರಿ ತೆರೆದದ್ದು ಇಟಲಿಯ ಇವ್ರೆಯಾ ಎಂಬ ಸಣ್ಣ ಊರಲ್ಲಿ, 2005ರಲ್ಲಿ. 'ಆರ್ಡುಯಿನೊ' ಎಂಬ ಅಂಗೈಯಗಲದ ಬೋರ್ಡಿನ ನಕ್ಷೆಯನ್ನು ಅದನ್ನು ಮಾಡಿದವರು ಗುಟ್ಟಾಗಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ತಯಾರಿಸಬಹುದು. ಮೂಲ ಬೋರ್ಡಿಗೆ ಸಾವಿರಗಟ್ಟಲೆ ಆದರೆ, ಅದೇ ನಕ್ಷೆಯ ತದ್ರೂಪಿ ನಾನೂರು ಐನೂರು ರೂಪಾಯಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಅದರ ಚಿಪ್ಪಿನಲ್ಲಿ ಪ್ರೋಗ್ರಾಂ ಹಿಡಿಸುವ ಜಾಗ 32 ಕಿಲೋಬೈಟ್ ಮಾತ್ರ, ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೊ ಕೂಡ ಅದರಲ್ಲಿ ತುಂಬದು. ಗಾಡಿ ಓಡಿಸಲು, ನೀರು ಅಳೆಯಲು, ಗಂಟೆ ಬಾರಿಸಲು ಅಷ್ಟು ಧಾರಾಳ. 2025ರ ಅಕ್ಟೋಬರಿನಲ್ಲಿ ಕ್ವಾಲ್‌ಕಾಂ ಎಂಬ ಚಿಪ್ ಕಂಪನಿ ಆರ್ಡುಯಿನೊವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮುಂದೆ ಏನೇ ಆದರೂ ಆಗಲೇ ಹಂಚಿಹೋದ ನಕ್ಷೆಯನ್ನು ಯಾರೂ ವಾಪಸು ಪಡೆಯುವಂತಿಲ್ಲ. ಮೈಂಡ್‌ಸ್ಟಾರ್ಮ್ಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಬ್ರಿಟನ್ನಿನಲ್ಲಿ 2016ರಲ್ಲಿ ಬಿಬಿಸಿ ಮುಂದಾಳತ್ವದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿದ 'ಮೈಕ್ರೊಬಿಟ್' ಬೋರ್ಡ್ ಇನ್ನೂ ಸುಲಭ, ಚಿಕ್ಕ ತರಗತಿಗಳಿಗೆ ಒಳ್ಳೆಯದು. ನಮ್ಮಲ್ಲಿ ಬೆಲೆ ಮಾತ್ರ ತದ್ರೂಪಿ ಆರ್ಡುಯಿನೊಗಿಂತ ಜಾಸ್ತಿ.

ಅಗ್ಗದ ಕಿಟ್‌ನಲ್ಲಿ ಏನಿರುತ್ತದೆ? ಒಂದು ತದ್ರೂಪಿ ಬೋರ್ಡು, ಹಳದಿ ಬಣ್ಣದ ಎರಡು ಬಿಓ ಮೋಟರ್, ಚಕ್ರ, ಮೋಟರ್ ಡ್ರೈವರ್, ಎದುರಿನ ಅಡ್ಡಿಯನ್ನು ಅಳೆಯುವ ಎರಡು ಕಣ್ಣಿನಂಥ ಅಲ್ಟ್ರಾಸಾನಿಕ್ ಸೆನ್ಸರ್, ಬ್ರೆಡ್‌ಬೋರ್ಡು, ಬಣ್ಣಬಣ್ಣದ ಜಂಪರ್ ವೈರು, 9 ವೋಲ್ಟಿನ ಚೌಕ ಬ್ಯಾಟರಿ. ಎಡವಟ್ಟು ಶುರುವಾಗುವುದು ಆ ಕೊನೆಯ ಸಾಮಾನಿನಿಂದಲೇ. ಆ ಬ್ಯಾಟರಿ ಸ್ಮೋಕ್ ಅಲಾರ್ಮಿನಂಥ ಅಲ್ಪಾಹಾರಿಗಳಿಗೆ ಸರಿ. ಎರಡು ಮೋಟರ್ ಒಟ್ಟಿಗೆ ತಿರುಗಲು ಹೊರಟು ಎಳೆಯುವ ಕರೆಂಟನ್ನು ಕೊಡಲು ಅದಕ್ಕೆ ಶಕ್ತಿ ಸಾಲದು. ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ರೀಸೆಟ್ ಆಗುತ್ತದೆ, ಗಾಡಿ ಒಮ್ಮೆ ಜಗ್ಗಿ ನಿಲ್ಲುತ್ತದೆ. ಮಗು ತನ್ನ ಪ್ರೋಗ್ರಾಂ ತಪ್ಪೆಂದು ತಿದ್ದುತ್ತಾ ಕೂರುತ್ತದೆ. ಜೊತೆಗೆ ಬರುವ ಹಳೆಯ ಮಾದರಿಯ ಮೋಟರ್ ಡ್ರೈವರ್ ತಾನೇ ಎರಡು ವೋಲ್ಟಿನಷ್ಟನ್ನು ನುಂಗುತ್ತದೆ. ನಾಲ್ಕು ಪೆನ್‌ಸೆಲ್ ಹಾಕುವ ಹೋಲ್ಡರನ್ನು ಮೋಟರಿಗೇ ಪ್ರತ್ಯೇಕವಾಗಿ ಕೊಟ್ಟು, ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಸೇರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಕಿಟ್‌ನ ಕಾಗದದಲ್ಲಿ ಇದನ್ನು ಬರೆದಿರುವುದು ಅಪರೂಪ.

ಲಿಥಿಯಂ ಸೆಲ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಹೆಬ್ಬೆರಳ ಗಾತ್ರದ 18650 ಸೆಲ್‌ನ ಮೇಲೆ 9900 ಎಂಎಎಚ್ ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್‌ನ ಸಾಮರ್ಥ್ಯ 3500ರ ಆಸುಪಾಸು. ಎರಡು ತುದಿ ನೇರ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳ ಕೈಗೆ ಪೆನ್‌ಸೆಲ್ಲೇ ಕ್ಷೇಮ. ಮತ್ತೊಂದು ಸಣ್ಣ ಕಿರಿಕಿರಿ: ತದ್ರೂಪಿ ಬೋರ್ಡುಗಳಲ್ಲಿ ಯುಎಸ್‌ಬಿಗೆಂದು ಸಿಎಚ್340 ಎಂಬ ಅಗ್ಗದ ಚಿಪ್ ಇರುತ್ತದೆ. ಕಂಪ್ಯೂಟರಿನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ಬೋರ್ಡು ಕಾಣಿಸುವುದೇ ಇಲ್ಲ. ಡ್ರೈವರ್ ಹಾಕಿಕೊಂಡರೆ ಐದು ನಿಮಿಷದಲ್ಲಿ ಸರಿಹೋಗುವ ಇಂಥ ಬೋರ್ಡು, ಹೇಳುವವರಿಲ್ಲದೆ ಸತ್ತಿದೆ ಎಂಬ ಪಟ್ಟ ಕಟ್ಟಿಕೊಂಡು ಮೂಲೆ ಸೇರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಓಟಿಜಿ ಕೇಬಲ್ ಒಂದಿದ್ದರೆ ಮೊಬೈಲಿನಿಂದಲೇ ಆರ್ಡುಯಿನೊಗೆ ಪ್ರೋಗ್ರಾಂ ತುಂಬುವ ಆ್ಯಪ್‌ಗಳಿವೆ. ಈ ಮಾತನ್ನೂ ಯಾರಾದರೂ ಹೇಳಬೇಕಲ್ಲ.

ಹೇಳುವವರು ಇಲ್ಲದ ಕಡೆ ಏನಾಗುತ್ತದೆ ಎಂಬುದು ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕಾಣುತ್ತದೆ. ತಾನೇ ಮುಚ್ಚಳ ತೆಗೆಯುವ ಕಸದ ಬುಟ್ಟಿ, ಅಂಧರಿಗೆ ಸದ್ದು ಮಾಡುವ ಕೋಲು, ಕಪ್ಪು ಗೆರೆಯ ಮೇಲೆ ಓಡುವ ಗಾಡಿ. ಪ್ರತಿ ವರ್ಷವೂ ಇವೇ. ಪೂರ್ತಿ ಜೋಡಿಸಿದ ಪ್ರಾಜೆಕ್ಟುಗಳೇ ಮಾರಾಟಕ್ಕಿವೆ. ತಂದು, ಥರ್ಮೊಕೋಲ್ ಹಲಗೆಗೆ ಅಂಟಿಸಿ, ಇಂಗ್ಲಿಷಿನ ನಾಲ್ಕು ಸಾಲು ಬಾಯಿಪಾಠ ಮಾಡಿದರಾಯಿತು. ಅಂಧರ ಕೋಲನ್ನು ಮಾಡಿದವರಲ್ಲಿ ಎಷ್ಟು ಮಂದಿ ಅದನ್ನು ಅಂಧರೊಬ್ಬರ ಕೈಗೆ ಕೊಟ್ಟು ನೋಡಿದ್ದಾರೋ! ಕೇಂದ್ರ ಸರ್ಕಾರದ ಇನ್‌ಸ್ಪೈರ್–ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಮೊತ್ತ ಸಣ್ಣದಲ್ಲ. ಅದರಲ್ಲಿ ತಮ್ಮ ಊರಿನ ತೊಂದರೆಯೊಂದನ್ನು ಹಿಡಿದು ಕೆಲಸ ಮಾಡುವಂತೆ ಮಕ್ಕಳನ್ನು ಹುರಿದುಂಬಿಸುವವರು ಬೇಕು.

ಊರಿನ ತೊಂದರೆ ಎಂದಾಗ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಎರವಲು ತರುವ ಅಗತ್ಯವಿಲ್ಲ. ಸ್ವಯಂಚಾಲಿತ ಯಂತ್ರದ ಪಾಠವೂ ಇಲ್ಲಿಯ ಕಸುಬಿನಲ್ಲೇ ಇದೆ. ಕೊಳ್ಳೇಗಾಲ ರೇಷ್ಮೆ ಸೀರೆಯ ಊರು, ಯಳಂದೂರು ತಾಲ್ಲೂಕಿನ ಮಾಂಬಳ್ಳಿ ನೂಲು ಬಿಚ್ಚಣಿಕೆಗೆ ಹೆಸರಾದದ್ದು. ಸೀರೆಯ ಅಂಚು ಸೆರಗುಗಳ ವಿನ್ಯಾಸ ತೆಗೆಯುವ ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟಿನ ಸರಣಿ ತಿರುಗುತ್ತದೆ. ತೂತು ಇದ್ದ ಕಡೆ ಒಂದು ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. 1800ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ರೂಪುಗೊಂಡ ಈ ತಂತ್ರದಿಂದಲೇ ಮುಂದೆ ಕಂಪ್ಯೂಟರಿನ ತೂತು ಕಾರ್ಡುಗಳು ಬಂದವು. ನೇಕಾರರ ಮನೆಯ ಮಗುವಿಗೆ ಪ್ರೋಗ್ರಾಂ ಎಂದರೇನು ಎಂದು ತಿಳಿಸಲು ಬೇರೆ ಉದಾಹರಣೆ ಹುಡುಕುವುದು ದಂಡ.

ಸ್ವಯಂಚಾಲಿತ ಬಿಚ್ಚಣಿಕೆ ಯಂತ್ರ ಇದಕ್ಕಿಂತಲೂ ಚಂದ. ಒಂದು ಗೂಡಿನ ಎಳೆ ಎರಡು ಮೂರು ಡೆನಿಯರ್ ದಪ್ಪ. ಏಳೆಂಟು ಗೂಡಿನ ಎಳೆ ಕೂಡಿದರೆ 20/22 ಡೆನಿಯರಿನ ನೂಲು. ಒಂದು ಗೂಡು ಮುಗಿದರೆ ನೂಲು ತೆಳ್ಳಗಾಗುತ್ತದೆ. ಚರಕದಲ್ಲಿ ಅದನ್ನು ಗುರುತಿಸುವುದು ಬಿಚ್ಚುವವರ ಕಣ್ಣು, ಹೊಸ ಎಳೆ ಸೇರಿಸುವುದು ಅವರ ಬೆರಳು. ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳು ಬೆಂದ ಹೆಂಗಸರ ಕಸುಬು ಅದು. ಸ್ವಯಂಚಾಲಿತ ಯಂತ್ರದಲ್ಲಿ ನೂಲು ಎರಡು ಗಾಜಿನ ಬಿಲ್ಲೆಗಳ ನಡುವಿನ ಕಿರುಸಂದಿಯಲ್ಲಿ ಹಾಯುತ್ತದೆ. ದಪ್ಪವಿದ್ದಾಗ ಉಜ್ಜಾಟ ಹೆಚ್ಚು, ಅಳತೆಕೋಲು ಒಂದು ಕಡೆ ವಾಲಿರುತ್ತದೆ. ತೆಳ್ಳಗಾದೊಡನೆ ಉಜ್ಜಾಟ ಕಡಿಮೆಯಾಗಿ ಕೋಲು ಇನ್ನೊಂದು ಕಡೆ ಬೀಳುತ್ತದೆ. ಆ ಸನ್ನೆಗೆ ಯಂತ್ರ ಹೊಸ ಗೂಡಿನ ಎಳೆಯನ್ನು ತಂದು ಸೇರಿಸುತ್ತದೆ. ಅಳತೆ, ತೀರ್ಮಾನ, ಚಲನೆ, ಮೂರೂ ಇಲ್ಲಿವೆ. ಈ ಅಳತೆಗೆ ಚಿಪ್ಪೂ ಬೇಡ, ಪ್ರೋಗ್ರಾಮೂ ಬೇಡ. ರೋಬಾಟಿಕ್ಸ್ ಪಾಠದ ಮೊದಲ ದಿನ ಮಕ್ಕಳನ್ನು ಇಂಥ ಒಂದು ಘಟಕಕ್ಕೆ ಕರೆದೊಯ್ದರೆ ಸಾವಿರ ರೂಪಾಯಿಯ ಕಿಟ್ ಹೇಳಲಾರದ್ದನ್ನು ಅದು ಹೇಳುತ್ತದೆ.

ಹುಳುಮನೆಗೆ ಬರೋಣ. ನಾನು ಈ ಲೇಖನದಲ್ಲಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇಲ್ಲಿದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಉಷ್ಣಾಂಶ, ಶೇ 85–90 ತೇವಾಂಶ ಬೇಕು. ಕೊನೆಯ ಹಂತದ ಹುಳುವಿಗೆ 24–25 ಡಿಗ್ರಿ, ಶೇ 70–75 ಸಾಕು. ರೈತರು ಒದ್ದೆ ಸ್ಪಂಜಿನ ಪಟ್ಟಿ, ಪ್ಯಾರಾಫಿನ್ ಕಾಗದ, ನೀರು ಚಿಮುಕಿಸಿದ ಗೋಣಿತಾಟುಗಳಿಂದ ಇದನ್ನು ಹೊಂದಿಸುತ್ತಾರೆ. ಒಂದು ಬೋರ್ಡು, ಒಂದು ತೇವಾಂಶ ಸೆನ್ಸರ್, ಒಂದು ರಿಲೇ, ಸಣ್ಣ ಫ್ಯಾನು ಇದ್ದರೆ ಹೈಸ್ಕೂಲು ಮಕ್ಕಳೇ ಈ ಮನೆಯನ್ನು ಕಾಯುವ ಸಾಧನ ಕಟ್ಟಬಹುದು. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ನೀಲಿ ಬಣ್ಣದ ಡಿಎಚ್‌ಟಿ11 ಸೆನ್ಸರ್ ಶೇ 5ರಷ್ಟು ಆಚೀಚೆ ತೋರಿಸುತ್ತದೆ, 90ರ ಹತ್ತಿರ ಅದರ ಅಳತೆಯ ಎಲ್ಲೆಯೇ ಮುಗಿಯುತ್ತದೆ. ಚಾಕಿ ಮನೆಗೆ ಅದು ಆಗದು. ಸ್ವಲ್ಪ ಹೆಚ್ಚು ಕೊಟ್ಟು ಬಿಳಿಯ ಡಿಎಚ್‌ಟಿ22 ತರಬೇಕು. ತೇವ 85ಕ್ಕಿಂತ ಇಳಿದರೆ ನೀರು ಸಿಂಪಡಿಸು ಎಂದು ಪ್ರೋಗ್ರಾಂ ಬರೆದರೆ ಕೆಲಸ ಮುಗಿಯಿತೇ? ಇಲ್ಲ. ಹುಳು ಜ್ವರಕ್ಕೆ ಹೋದಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಹಾಸಿಗೆ ಒಣಗಿರಬೇಕು, ಗಾಳಿಯಾಡಬೇಕು. ಆಗಲೂ ಯಂತ್ರ ನೀರು ಸಿಂಪಡಿಸುತ್ತಿದ್ದರೆ ಬೆಳೆ ಹಾಳು. ಜ್ವರಕ್ಕೆ ಹೋಗುತ್ತಿದೆಯೆಂದು ಹುಳುವಿನ ತಲೆಯೆತ್ತಿದ ಭಂಗಿ, ಮೈಯ ಹೊಳಪು ನೋಡಿ ಹೇಳಬಲ್ಲವಳು ಮನೆಯ ತಾಯಿ. ಆದ್ದರಿಂದ ಯಂತ್ರದಲ್ಲಿ 'ಜ್ವರ' ಎಂದು ಬರೆದ ಒಂದು ಗುಂಡಿ ಇರಬೇಕು, ಅದನ್ನು ಒತ್ತುವವಳು ಅವಳಾಗಬೇಕು. ಹೊರಗಿನಿಂದ ಬಂದ ಯಾವ ಕಿಟ್‌ನಲ್ಲೂ ಆ ಗುಂಡಿ ಇರುವುದಿಲ್ಲ. ಇಲ್ಲಿಯ ಮಗು ಮಾತ್ರ ಅದನ್ನು ಹಾಕಬಲ್ಲದು. 230 ವೋಲ್ಟಿನ ತಂತಿಯನ್ನು ಮಾತ್ರ ಮಕ್ಕಳು ಮುಟ್ಟಬಾರದು. ಪ್ರಯೋಗವೆಲ್ಲ 12 ವೋಲ್ಟಿನ ಫ್ಯಾನಿನಲ್ಲೇ ನಡೆಯಲಿ.

ಕಾವೇರಿ ನದಿಯದು ಇನ್ನೊಂದು ಪಾಠ. ಕೆಆರ್‌ಎಸ್ ಮತ್ತು ಕಬಿನಿ ಅಣೆಕಟ್ಟುಗಳಿಂದ ಭಾರಿ ನೀರು ಬಿಟ್ಟಾಗಲೆಲ್ಲ ದಾಸನಪುರ, ಹಳೇ ಅಣಗಳ್ಳಿ, ಹರಳೆ, ಯಡಕುರಿಯ, ಹಳೇ ಹಂಪಾಪುರ, ಮುಳ್ಳೂರು ಎಂದು ಪತ್ರಿಕೆಗಳಲ್ಲಿ ನೆರೆಪೀಡಿತ ಊರುಗಳ ಹೆಸರಿನ ಸಾಲು ಬರುತ್ತದೆ. 2018, 2019, 2024ರ ಮಳೆಗಾಲಗಳಲ್ಲಿ ಈ ಭಾಗ ಪ್ರವಾಹ ಕಂಡಿದೆ. ಗಾಡಿಗೆ ಅಡ್ಡಿ ತೋರಿಸುವ ಅಲ್ಟ್ರಾಸಾನಿಕ್ ಸೆನ್ಸರನ್ನೇ ಕಂಬಕ್ಕೆ ಕಟ್ಟಿ ಕೆಳಮುಖ ಮಾಡಿದರೆ ಅದು ನೀರಿನ ಮಟ್ಟ ಅಳೆಯುತ್ತದೆ. ಕಿವಿಗೆ ಕೇಳದ ಸದ್ದು ಹೋಗಿ ನೀರಿಗೆ ಬಡಿದು ಮರಳಲು ಹಿಡಿದ ಸಮಯದಿಂದ ದೂರದ ಲೆಕ್ಕ. ಮಾಮೂಲಿ ಸೆನ್ಸರ್ ಮಳೆಗೆ ಹಾಳಾಗುತ್ತದೆ, ನೀರು ತಡೆಯುವ ಮಾದರಿ ಬೇರೆ ಇದೆ. ಇಲ್ಲೊಂದು ಸೂಕ್ಷ್ಮವಿದೆ. ಗಾಳಿ ಬಿಸಿಯಾದಂತೆ ಸದ್ದಿನ ವೇಗ ಡಿಗ್ರಿಗೆ ಸುಮಾರು 0.6 ಮೀಟರಿನಂತೆ ಏರುತ್ತದೆ. 20 ಡಿಗ್ರಿಗೆ ಹೊಂದಿಸಿದ ಸಾಧನ 35 ಡಿಗ್ರಿಯ ಮಧ್ಯಾಹ್ನದಲ್ಲಿ ಮೂರು ಮೀಟರ್ ಕೆಳಗಿನ ನೀರನ್ನು ಎಂಟು ಸೆಂಟಿಮೀಟರಿನಷ್ಟು ತಪ್ಪಾಗಿ ತೋರಿಸುತ್ತದೆ. ಬಿಸಿಲಿನಲ್ಲಿ ಹೊಳೆ ಏರಿದಂತೆ ಕಾಣುತ್ತದೆ! ಆ ತಪ್ಪನ್ನು ಕಂಡುಹಿಡಿದು ತಿದ್ದಿದ ಮಗುವಿಗೆ ಭೌತವಿಜ್ಞಾನದ ಒಂದು ಅಧ್ಯಾಯ ಪೂರ್ತಿ ಬಂದಂತೆ. ಇದು ಕಲಿಕೆಯ ಸಾಧನ ಮಾತ್ರ. ಜಿಲ್ಲಾಡಳಿತದ ಎಚ್ಚರಿಕೆ ಬಂದಾಗ ಸೆನ್ಸರ್ ಏನು ಹೇಳಿದರೂ ಊರು ಬಿಡಬೇಕು.

ಇದನ್ನೆಲ್ಲ ಕಲಿಸುವ ಜಾಗ ಯಾವುದು? ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, ಅರ್ಧ ಉಪಕರಣಕ್ಕೆ, ಅರ್ಧ ಐದು ವರ್ಷದ ನಿರ್ವಹಣೆಗೆ. ದೇಶದಲ್ಲಿ ಹತ್ತು ಸಾವಿರ ಶಾಲೆಗಳಿಗೆ ತಲುಪಿದ ಈ ಯೋಜನೆಯನ್ನು ಇನ್ನೂ ಐವತ್ತು ಸಾವಿರ ಸರ್ಕಾರಿ ಶಾಲೆಗಳಿಗೆ ವಿಸ್ತರಿಸುವುದಾಗಿ 2025ರ ಬಜೆಟ್ ಹೇಳಿತು. ಒಳ್ಳೆಯ ಯೋಜನೆಯೇ. ಆದರೆ ಶುರುವಿನಲ್ಲಿ ಇಟ್ಟ ಷರತ್ತು ನೋಡಿ: ಬಯಲು ಸೀಮೆಯ ಶಾಲೆಯಾದರೆ 1500 ಚದರಡಿ ಜಾಗ ಬೇಕು. ಹಳ್ಳಿಯ ಹೈಸ್ಕೂಲಿನಲ್ಲಿ ಅಷ್ಟು ಜಾಗ ಖಾಲಿ ಎಲ್ಲಿದೆ? ಲ್ಯಾಬ್ ಸಿಕ್ಕ ಕಡೆಯೂ ಉಪಕರಣ ಕಳೆದರೆ ಆಡಿಟ್‌ಗೆ ಯಾರು ಉತ್ತರಿಸಬೇಕು ಎಂಬ ಭಯದಲ್ಲಿ ಬೀರುವಿಗೆ ಬೀಗ ಬೀಳುವುದುಂಟು. ವಿಜ್ಞಾನದ ಮೇಷ್ಟ್ರನ್ನು ದೂರಿ ಫಲವಿಲ್ಲ, ಅವರಿಗೆ ಬಿಸಿಯೂಟದ ಲೆಕ್ಕದಿಂದ ಚುನಾವಣಾ ಕೆಲಸದವರೆಗೆ ಹೊರೆಯಿದೆ. ಸುಟ್ಟ ಸೆನ್ಸರನ್ನು ಖರ್ಚಾದ ಸಾಮಾನು ಎಂದು ಬರೆದುಕೊಳ್ಳಲು ಅವಕಾಶ ಕೊಡದೆ ಯಾರೂ ಮಕ್ಕಳ ಕೈಗೆ ಕಿಟ್ ಕೊಡುವುದಿಲ್ಲ.

ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿ ಯೋಜನೆಯಲ್ಲಿ ಮೇಲ್ದರ್ಜೆಗೇರಿಸಿತು. 2022ರ ಜೂನ್‌ನಲ್ಲಿ ಅವು ಉದ್ಘಾಟನೆಯಾದವು. ಕೈಗಾರಿಕಾ ರೋಬಾಟ್ ನಡೆಸುವ ತರಬೇತಿಯೂ ಅಲ್ಲಿದೆ. ಹತ್ತಿರದ ಐಟಿಐನ ಹುಡುಗರು ಶನಿವಾರ ಮಧ್ಯಾಹ್ನ ಹೈಸ್ಕೂಲಿಗೆ ಬಂದು ಕಲಿಸಿದರೆ ತಪ್ಪೇನು? ಪೇಟೆಯ ಮೋಟರ್ ವೈಂಡಿಂಗ್ ಅಂಗಡಿಯವರು, ಮೊಬೈಲ್ ರಿಪೇರಿಯವರು ಇನ್ನೂ ಹತ್ತಿರದ ಗುರುಗಳು. ಸೋಲ್ಡರಿಂಗ್ ಹೇಗೆ ಹಿಡಿಯಬೇಕು, ಮಲ್ಟಿಮೀಟರ್ ಎಲ್ಲಿ ಇಡಬೇಕು ಎಂಬುದು ಪದವಿ ಪಡೆದ ಎಷ್ಟೋ ಎಂಜಿನಿಯರುಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೌರವಧನ ಕೊಟ್ಟು ಅವರನ್ನು ಶಾಲೆಗೆ ಕರೆಯುವ ವ್ಯವಸ್ಥೆ ನಮ್ಮಲ್ಲಿಲ್ಲ.

ಇನ್ನು ಭಾಷೆ. ಕನ್ನಡದಲ್ಲಿ ರೋಬಾಟಿಕ್ಸ್ ಕಲಿಸಲು ಪುಸ್ತಕವಿಲ್ಲ ಎಂಬ ನೆಪ ನಮ್ಮಲ್ಲಿ ಚಲಾವಣೆಯಲ್ಲಿದೆ. ಗಡಿಯಾಚೆ ನೋಡಿ. ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ 'ಕೈಟ್' 2018ರಿಂದ ಹೈಸ್ಕೂಲುಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಕೂಟ ನಡೆಸುತ್ತಿದೆ. 2022ರ ಕೊನೆಯಿಂದ ಶಾಲೆಗಳಿಗೆ ಕಿಟ್ ಹಂಚತೊಡಗಿ ಒಟ್ಟು 29,000 ಕಿಟ್ ಕೊಟ್ಟಿತು. ಕಿಟ್‌ನಲ್ಲಿರುವುದು ಆರ್ಡುಯಿನೊ, ಎಲ್‌ಇಡಿ, ಸರ್ವೋ ಮೋಟರ್, ಸೆನ್ಸರ್, ಬ್ರೆಡ್‌ಬೋರ್ಡು. ಎಲ್ಲ ಬಿಚ್ಚಿ ಬದಲಿಸಬಹುದಾದ ಬಿಡಿಭಾಗಗಳು, ತಂತ್ರಾಂಶವೂ ಉಚಿತದ್ದೇ. 2025ರ ಜೂನ್‌ನಿಂದ ಹತ್ತನೇ ತರಗತಿಯ ಎಲ್ಲ 4.3 ಲಕ್ಷ ಮಕ್ಕಳಿಗೆ ಅಲ್ಲಿ ರೋಬಾಟಿಕ್ಸ್ ಪಾಠ ಕಡ್ಡಾಯವಾಯಿತು. ಕೈ ಒಡ್ಡಿದರೆ ಸ್ಯಾನಿಟೈಸರ್ ಸುರಿಸುವ ಯಂತ್ರ, ಮುಖ ಗುರುತಿಸಿ ತೆರೆಯುವ ಬಾಗಿಲು ಎಂದು ಮಾಡಿ ಕಲಿಯುವ ಪಾಠಗಳು. ಈ ಪಾಠಗಳಿರುವ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಗುವಿಗೆ ಇಂದು ಕನ್ನಡದಲ್ಲಿ ರೋಬಾಟ್ ಪಾಠವಿದೆ. ಕರ್ನಾಟಕದ ಕೊಳ್ಳೇಗಾಲದ ಮಗುವಿಗೆ ಇಲ್ಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಕನ್ನಡದ ಊರೆಂದೇ ಮೈಸೂರು ರಾಜ್ಯಕ್ಕೆ ಸೇರಿದ ತಾಲ್ಲೂಕಿದು. ಅದನ್ನು ನೆನೆದಾಗ ಈ ಕೊರತೆ ಸ್ವಲ್ಪ ಚುಚ್ಚುತ್ತದೆ.

ಹಾಗಾಗಿ ಕೊಳ್ಳೇಗಾಲ, ಹನೂರು, ಯಳಂದೂರಿನ ಶಿಕ್ಷಣಾಧಿಕಾರಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಕೇರಳದ ಆ ಕನ್ನಡ ಪಠ್ಯವನ್ನು ತರಿಸಿ ಓದಿ. ಅದನ್ನು ತರಗತಿಯಲ್ಲಿ ಕಲಿಸುತ್ತಿರುವ ಕಾಸರಗೋಡಿನ ಒಬ್ಬಿಬ್ಬರು ಕನ್ನಡ ಮೇಷ್ಟ್ರುಗಳನ್ನು ಬೇಸಿಗೆ ರಜೆಯಲ್ಲಿ ಕರೆಸಿ, ಇಲ್ಲಿಯ ಶಿಕ್ಷಕರಿಗೂ ಐಟಿಐ ಹುಡುಗರಿಗೂ ಒಂದು ಕಮ್ಮಟ ನಡೆಸಿ. ದೊಡ್ಡ ಪೆಟ್ಟಿಗೆಗೆ ಟೆಂಡರ್ ಕರೆಯುವ ಮುನ್ನ, ತದ್ರೂಪಿ ಬೋರ್ಡು, ಡಿಎಚ್‌ಟಿ22, ರಿಲೇ, ಬ್ರೆಡ್‌ಬೋರ್ಡು, ಪೆನ್‌ಸೆಲ್ ಹೋಲ್ಡರ್ ಇರುವ ಒಂದು ಚೀಲ ಮಾಡಿ. ಒಂದಕ್ಕೆ ಸುಮಾರು ಸಾವಿರ ರೂಪಾಯಿ ಆಗುತ್ತದೆ, ಮೂರು ಮಕ್ಕಳಿಗೆ ಒಂದು ಸಾಕು. ಮನೆಯಲ್ಲಿ ಹುಳು ಸಾಕುವ ಹುಡುಗಿಯರಿಗೆ ಮೊದಲ ಚೀಲಗಳು ಸಿಗಲಿ.